ಬಂಗಡೆ ರೇಟಿನ ಗ್ರಾಫು

ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರ್ ಅಂದರೆ ಒಂದು ಕೋಣೆ. ಬಾಗಿಲಿಗೆ ಬೀಗ. ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ನಾಲ್ಕಾರು ಮಾನಿಟರ್, ಮೂಲೆಯಲ್ಲಿ ಬ್ಯಾಟರಿ ಹೋದ ಯುಪಿಎಸ್. ವಾರಕ್ಕೊಂದು ಪೀರಿಯಡ್ ಬೀಗ ತೆಗೆಯುತ್ತಾರೆ. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಹೋಗುತ್ತಾರೆ. ಪೇಂಟ್‌ನಲ್ಲಿ ಒಂದು ಮನೆ, ಪಕ್ಕದಲ್ಲಿ ತೆಂಗಿನ ಮರ ಬಿಡಿಸುತ್ತಾರೆ. ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ, ಇಲ್ಲವೇ ಕರೆಂಟ್ ಹೋಗುತ್ತದೆ. ಮಳೆಗಾಲದಲ್ಲಂತೂ ನಮ್ಮ ಕಡೆ ಕರೆಂಟನ್ನು ನಂಬಿಕೊಂಡು ಪಾಠ ತಯಾರು ಮಾಡಲು ಆಗುವುದೇ ಇಲ್ಲ.

ಆ ಕೋಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಊರವರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಓಡಾಡಿ, ದಾನಿಗಳ ಕಾಲು ಹಿಡಿದು ತಂದ ಕಂಪ್ಯೂಟರುಗಳು ಅವು. ಆದರೆ ಕಂಪ್ಯೂಟರ್ ಕಲಿಕೆ ಆ ಕೋಣೆಯಲ್ಲೇ ಶುರುವಾಗಬೇಕು ಅಂತ ಕೂತರೆ ನಮ್ಮ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಅದು ಶುರುವಾಗಬೇಕಾದದ್ದು ಗಣಿತದ ಪೀರಿಯಡ್‌ನಲ್ಲಿ, ಕನ್ನಡದಲ್ಲಿ, ವಿಜ್ಞಾನದಲ್ಲಿ. ಕಲಿಸಬೇಕಾದವರು ಆ ತರಗತಿಯ ಮಾಸ್ತರು ಅಥವಾ ಅಕ್ಕೋರು. ನಾನು ಮೊದಲು ಘಟ್ಟದ ಮೇಲೆ ಶಿರಸಿ ಕಡೆ ಇದ್ದೆ. ಈಗ ಕುಮಟಾ ತಾಲೂಕಿನಲ್ಲಿ, ಸಮುದ್ರದ ಬದಿಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಎರಡೂ ಕಡೆ ಮಕ್ಕಳ ಜೊತೆ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೀನಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಪೇಟೆಯಲ್ಲಿ ಬಂಗಡೆಯನ್ನು ಕಿಲೋ ಲೆಕ್ಕದಲ್ಲಿ ಕೇಳುವವರು ಕಡಿಮೆ. "ನೂರಕ್ಕೆ ಎಷ್ಟು?" ಅಂತಲೇ ಕೇಳುವುದು. ಮೀನು ಮಾರುವ ಅಕ್ಕ "ಎಂಟು" ಅನ್ನುತ್ತಾಳೆ. ಸ್ವಲ್ಪ ಚೌಕಾಸಿ ಆದ ಮೇಲೆ ಒಂಬತ್ತನೆಯದೂ ಚೀಲಕ್ಕೆ ಬೀಳುತ್ತದೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಆರನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಗೆ ಮೀನು ತಂದ ದಿನ ತಾರೀಖು, ಮೀನಿನ ಹೆಸರು, ನೂರಕ್ಕೆ ಎಷ್ಟು ಸಿಕ್ಕಿತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೀನು ತಿನ್ನದ ಮನೆಯ ಮಕ್ಕಳು ತೆಂಗಿನಕಾಯಿ ರೇಟು ಬರೆದರು. ಮೊಬೈಲ್ ಬೇಡ, ಲ್ಯಾಪ್‌ಟಾಪ್ ಬೇಡ, ಪೆನ್ಸಿಲ್ ಇದ್ದರೆ ಸಾಕು.

ಸೆಪ್ಟೆಂಬರ್ ಹೊತ್ತಿಗೆ ನೋಟ್‌ಬುಕ್ಕುಗಳಲ್ಲಿ ಸಾಕಷ್ಟು ಸಾಲು ತುಂಬಿದ್ದವು. ಒಂದು ದಿನ ಬಿಸಿಯೂಟ ಮುಗಿದ ಮೇಲೆ ಇರುವ ಒಂದೇ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯ ತಂತ್ರಾಂಶ ತೆರೆದೆವು. ಸರದಿಯಂತೆ ಒಬ್ಬೊಬ್ಬರು ಬಂದು ತಮ್ಮ ಸಾಲು ಟೈಪ್ ಮಾಡಿದರು. ಮೊದಲ ಜಗಳ ಹೆಸರಿನ ಮೇಲೆ. ಒಬ್ಬ "ಬಂಗಡೆ" ಅಂತ ಬರೆದಿದ್ದ, ಇನ್ನೊಬ್ಬಳು "ಬಂಗ್ಡೆ". ಮನೆಯಲ್ಲಿ ಕೊಂಕಣಿ ಮಾತಾಡುವ ಹುಡುಗ "ಬಾಂಗ್ಡೊ". ಹೆಸರಿನ ಪ್ರಕಾರ ಎಣಿಸು ಅಂದರೆ ಕಂಪ್ಯೂಟರ್ ಮೂರು ಬೇರೆ ಮೀನು ತೋರಿಸಿತು. "ಇದಕ್ಕೆ ಅಷ್ಟೂ ಗೊತ್ತಾಗುದಿಲ್ವಾ?" ಅಂತ ಒಬ್ಬಳು ಕೇಳಿದಳು. ಗೊತ್ತಾಗುವುದಿಲ್ಲ. ನಾವು ಹೇಳಿದಷ್ಟೇ ಅದಕ್ಕೆ ಗೊತ್ತು. ಆಮೇಲೆ ಮಕ್ಕಳೇ ಕೂತು ಯಾವ ಮೀನಿಗೆ ಯಾವ ಕಾಗುಣಿತ ಅಂತ ತೀರ್ಮಾನಿಸಿ, ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ದೊಡ್ಡ ಕಂಪನಿಗಳಲ್ಲಿ ಮಾಹಿತಿ ಇಟ್ಟುಕೊಂಡು ಕೆಲಸ ಮಾಡುವವರ ಎಷ್ಟೋ ಹೊತ್ತು ಇಂಥ ಶುಚಿ ಕೆಲಸಕ್ಕೇ ಹೋಗುತ್ತದೆ ಅಂತ ನಾನು ಹೇಳಿದರೆ ಅವರಿಗೆ ಆಶ್ಚರ್ಯ.

ಆಮೇಲೆ ಗ್ರಾಫು. ಬಂಗಡೆಯ ಗೆರೆ ಜೂನ್‌ನಲ್ಲಿ ಕೆಳಗಿತ್ತು. ಆಗಸ್ಟ್ ದಾಟುತ್ತಿದ್ದಂತೆ ಮೇಲೆ ಮೇಲೆ ಹೋಯಿತು. "ಅಕ್ಕೋರೇ, ರೇಟ್ ಏರಿ ಹೋಯ್ತು!" ಅಂತ ಮುಂದಿನ ಸಾಲಿನ ಹುಡುಗ ಕೂಗಿದ. ಅಮ್ಮನ ಜೊತೆ ಮೀನುಪೇಟೆಯಲ್ಲಿ ಕೂತು ಗೊತ್ತಿದ್ದ ಹುಡುಗಿಯೊಬ್ಬಳು ಹಿಂದಿನಿಂದ ಎದ್ದು ನಿಂತಳು. "ಏರಿದ್ದಲ್ಲ, ಇಳಿದದ್ದು. ನೂರಕ್ಕೆ ಜಾಸ್ತಿ ಸಿಕ್ರೆ ಅಗ್ಗ ಅಲ್ವಾ?" ಅಂದಳು. ತರಗತಿ ಎರಡು ಪಾಲಾಯಿತು. ಗೆರೆ ಮೇಲೆ ಹೋಗಿದ್ದು ಎಲ್ಲರ ಕಣ್ಣಿಗೂ ಕಾಣುತ್ತಿದೆ, ಮತ್ತೆ ಇಳಿದದ್ದು ಹೇಗೆ? ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರಿಗೇ ಹೊಳೆಯಿತು. ನಾವು ಬರೆದದ್ದು ಎಷ್ಟು ಮೀನು ಅಂತ, ಒಂದು ಮೀನಿಗೆ ಎಷ್ಟು ದುಡ್ಡು ಅಂತ ಅಲ್ಲ. ಹಾಗಾದರೆ ಇನ್ನೊಂದು ಕಾಲಮ್ ಬೇಕು. ಅದರ ಮೊದಲ ಮನೆಯಲ್ಲಿ, ಅಂದರೆ ಸೆಲ್‌ನಲ್ಲಿ, ಸಮ ಚಿಹ್ನೆ ಹಾಕಿ, ನೂರನ್ನು ಪಕ್ಕದ ಮನೆಯ ಸಂಖ್ಯೆಯಿಂದ ಭಾಗಿಸು ಅಂತ ಬರೆದೆವು. ನೂರಕ್ಕೆ 5 ಇದ್ದಲ್ಲಿ 20 ರೂಪಾಯಿ ಬಂತು, 20 ಇದ್ದಲ್ಲಿ 5 ರೂಪಾಯಿ. ಆ ಮನೆಯ ಮೂಲೆ ಹಿಡಿದು ಕೆಳಗೆ ಎಳೆದ ಕೂಡಲೇ ಪೂರ್ತಿ ಕಾಲಮ್ ತುಂಬಿತು. ಅಷ್ಟೂ ಭಾಗಾಕಾರವನ್ನು ಕೈಯಲ್ಲಿ ಮಾಡಿ ಬೇಸತ್ತಿದ್ದ ಮಕ್ಕಳ ಮುಖ ನೋಡಬೇಕಿತ್ತು!

ಒಂದು ಮನೆಯಲ್ಲಿ ಮಾತ್ರ ಉತ್ತರದ ಬದಲು ಏನೋ ವಿಚಿತ್ರ ಅಕ್ಷರ ಬಂತು. ಆ ಸಾಲು ಬರೆದವನು ಜೂನ್ ತಿಂಗಳಲ್ಲಿ ನೂರಕ್ಕೆ ಸೊನ್ನೆ ಬಂಗಡೆ ಅಂತ ಹಾಕಿದ್ದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಪೇಟೆಯಲ್ಲಿ ಮೀನು ಕಡಿಮೆ. ಅವನು ಸರಿಯಾಗಿಯೇ ಬರೆದಿದ್ದ. ಆದರೆ ನೂರನ್ನು ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಆ ಮಾತು ಅವತ್ತು ಇಡೀ ತರಗತಿಯ ಎದುರು ನಿಂತಿತು. ಸೊನ್ನೆ ಬಂಗಡೆ ಇದ್ದರೆ ಒಂದು ಬಂಗಡೆಗೆ ಎಷ್ಟು ರೂಪಾಯಿ? ಇಲ್ಲದ ಮೀನಿಗೆ ರೇಟು ಎಲ್ಲಿಂದ? ಇನ್ನೊಬ್ಬಳು ಅದೇ ತಿಂಗಳ ಸಾಲನ್ನು ಖಾಲಿ ಬಿಟ್ಟಿದ್ದಳು. ಖಾಲಿ ಮತ್ತು ಸೊನ್ನೆ ಒಂದೇನಾ ಅಂತ ಮತ್ತೆ ಚರ್ಚೆ. "ಪೇಟೆಗೆ ಹೋಗ್ಲೇ ಇಲ್ಲ" ಅನ್ನುವುದು ಖಾಲಿ, "ಹೋದೆ, ಬಂಗಡೆ ಇರ್ಲಿಲ್ಲ" ಅನ್ನುವುದು ಸೊನ್ನೆ ಅಂತ ಕೊನೆಗೆ ತೀರ್ಮಾನ ಆಯಿತು. ಈ ವ್ಯತ್ಯಾಸ ಗೊತ್ತಿಲ್ಲದೆ ಪದವಿ ಮುಗಿಸಿದವರು ಎಷ್ಟೋ ಜನ ಇದ್ದಾರೆ.

ಇದು ಗಣಿತದ ಪಾಠವೋ ಕಂಪ್ಯೂಟರ್ ಪಾಠವೋ? ಎರಡೂ. ಸಮಾಜ ವಿಜ್ಞಾನವೂ ಹೌದು. ಬೇರೆ ಪೀರಿಯಡ್ ಬೇಕಾಗಲಿಲ್ಲ. ಪಠ್ಯದಲ್ಲಿ ಹೇಗೂ ಇರುವ ದತ್ತಾಂಶ ನಿರ್ವಹಣೆಯ ಅಧ್ಯಾಯವನ್ನೇ ಊರಿನ ಲೆಕ್ಕ ಇಟ್ಟುಕೊಂಡು ಮಾಡಿದ್ದು, ಅಷ್ಟೇ.

ಈ ಯೋಚನೆ ಹೊಸದಲ್ಲ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸೊಲೊಮನ್, ವಾಲಿ ಫಾಯರ್‌ಝೈಗ್ ಸೇರಿ ಮಕ್ಕಳಿಗಾಗಿಯೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು, ಹೀಗೆ ನಾಲ್ಕು ಸಲ ಅಂತ ಹೇಳಿದರೆ ಪರದೆಯ ಮೇಲಿನ ಆಮೆಯೊಂದು ಚೌಕ ಬಿಡಿಸುತ್ತದೆ. ಕಂಪ್ಯೂಟರ್ ಮಗುವಿಗೆ ಕಲಿಸುವುದಕ್ಕಿಂತ ಮಗು ಕಂಪ್ಯೂಟರಿಗೆ ಕಲಿಸಬೇಕು ಎನ್ನುವುದು ಪ್ಯಾಪರ್ಟ್ ಅವರ ಹಟವಾಗಿತ್ತು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಬಂದ ಸ್ಕ್ರ್ಯಾಚ್ ಎಂಬ ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಇದೇ ವಂಶದ್ದು. ಇಂಗ್ಲೆಂಡಿನಲ್ಲಿ 2014ರಿಂದ ಐದನೇ ವಯಸ್ಸಿನ ಮಕ್ಕಳಿಗೂ ಕಂಪ್ಯೂಟಿಂಗ್ ಕಡ್ಡಾಯ ಪಾಠ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರನೇ ತರಗತಿಯಿಂದ ಶುರುವಾಗುವ ಮಾಧ್ಯಮಿಕ ಹಂತದಲ್ಲಿ ಕೋಡಿಂಗ್ ಚಟುವಟಿಕೆ ತರಬೇಕು ಅಂತ ಹೇಳುತ್ತದೆ. ಕಾಗದದ ಮೇಲೆ ಎಲ್ಲ ಇದೆ. ಎರಡು ಜನ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಅದು ಹೇಗೆ ನಡೆಯಬೇಕು ಎನ್ನುವುದನ್ನು ನಾವೇ ಕಂಡುಕೊಳ್ಳಬೇಕು.

ಅಲ್ಲಿ ನನಗೆ ಆಸರೆಯಾದದ್ದು ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಜೊತೆಗಾರರು 1990ರ ದಶಕದಿಂದ ಬೆಳೆಸಿಕೊಂಡು ಬಂದ ಆಟಗಳು. ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳು ಅವು. ಅದರಲ್ಲಿ ಚುಕ್ಕೆ ಕಾರ್ಡಿನ ಆಟವನ್ನು ನಾವು ಬೆಳಗಿನ ಪ್ರಾರ್ಥನೆಗೆ ಜೋಡಿಸಿಕೊಂಡಿದ್ದೇವೆ. ಹಳೆಯ ಮದುವೆ ಕಾಗದಗಳ ಹಿಂದೆ 16, 8, 4, 2, 1 ಚುಕ್ಕೆ ಬರೆದು ಐದು ಮಕ್ಕಳ ಕೈಗೆ ಕೊಡುತ್ತೇವೆ. ಕಾರ್ಡ್ ತೋರಿಸಿದರೆ ಒಂದು, ಮುಚ್ಚಿದರೆ ಸೊನ್ನೆ. ಐದು ಕಾರ್ಡಿನಲ್ಲಿ ಸೊನ್ನೆಯಿಂದ 31ರವರೆಗೆ ಎಲ್ಲ ಸಂಖ್ಯೆ ಬರುತ್ತದೆ. ತಿಂಗಳಲ್ಲಿ ದಿನ ಇರುವುದೂ ಹೆಚ್ಚೆಂದರೆ 31! ಹಾಗಾಗಿ ದಿನಾ ಆ ದಿನದ ತಾರೀಖನ್ನು ಐದು ಜನ ನಿಂತು ತೋರಿಸುತ್ತಾರೆ. ನವೆಂಬರ್ 1ಕ್ಕೆ ಕೊನೆಯವಳ ಕಾರ್ಡ್ ಮಾತ್ರ ತೆರೆದಿತ್ತು. ಆಗಸ್ಟ್ 15ಕ್ಕೆ ಮೊದಲನೆಯವನನ್ನು ಬಿಟ್ಟು ಉಳಿದ ನಾಲ್ಕೂ. ಜನವರಿ 26ಕ್ಕೆ ಏನು ಬರುತ್ತದೆ ಅಂತ ಮೂರನೇ ತರಗತಿಯವರು ಹಿಂದಿನ ದಿನವೇ ಲೆಕ್ಕ ಹಾಕಿ ಬರುತ್ತಾರೆ. 16, 8, 2.

ಕನ್ನಡದ ಪಾಠದಲ್ಲಿ ಇದೇ ಲೆಕ್ಕ ಬೇರೆ ವೇಷದಲ್ಲಿ ಕೂತಿದೆ. ಪದ್ಯದ ಅಕ್ಷರಗಳಲ್ಲಿ ಲಘು (ಗಿಡ್ಡದ್ದು), ಗುರು (ಉದ್ದದ್ದು) ಅಂತ ಇರುವುದೇ ಎರಡು. ಮೂರು ಅಕ್ಷರದ ಗಣದಲ್ಲಿ ಅವನ್ನು ಎಷ್ಟು ರೀತಿ ಜೋಡಿಸಬಹುದು? ಎಂಟು. ಯ ಮ ತ ರ ಜ ಭ ನ ಸ ಗಣಗಳೂ ಎಂಟೇ. ಮೂರು ಚುಕ್ಕೆ ಕಾರ್ಡಿನಲ್ಲೂ ಎಂಟು ಸಂಖ್ಯೆ. "ಯಮಾತಾರಾಜಭಾನಸಲಗಂ" ಎಂಬ ಹತ್ತೇ ಅಕ್ಷರದ ಸಾಲಿನಲ್ಲಿ ಈ ಎಂಟೂ ಗಣ ಅಡಗಿವೆ. ಮೊದಲ ಮೂರು ಅಕ್ಷರ ತೆಗೆದುಕೊಂಡರೆ ಯಗಣ, ಒಂದು ಅಕ್ಷರ ಮುಂದೆ ಸರಿದರೆ ಮಗಣ, ಮತ್ತೊಂದು ಸರಿದರೆ ತಗಣ. ಎಷ್ಟು ಚೊಕ್ಕ ನೋಡಿ. ಛಂದಸ್ಸು ಬರುವುದು ಹೈಸ್ಕೂಲಿಗೆ ಹೋದ ಮೇಲೆ. ಆದರೂ ಏಳನೆಯವರಿಗೆ ಇದನ್ನು ಆಟದ ಹಾಗೆ ಹೇಳಿಕೊಟ್ಟೆ. ನಮ್ಮ ಹಿರಿಯರು ಕಂಪ್ಯೂಟರ್ ಮಾಡಿದ್ದರು ಅಂತ ಹೇಳಲು ಇದನ್ನು ಬಳಸಬಾರದು, ಅದು ಸುಳ್ಳು. ಎರಡೇ ಚಿಹ್ನೆ ಇಟ್ಟುಕೊಂಡು ಎಲ್ಲ ಜೋಡಣೆಗಳನ್ನೂ ತಪ್ಪದೆ ಎಣಿಸುವ ದಾರಿಯನ್ನು ಪ್ರಾಚೀನ ಕಾಲದ ಪಿಂಗಳನಂಥ ಛಂದಸ್ಸಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು ಅನ್ನುವುದು ನಿಜ. ಅಷ್ಟು ಸಾಕು, ಅದೇ ದೊಡ್ಡದು.

ಘಟ್ಟದ ಮೇಲೆ ಇದ್ದಾಗ ಇದೇ ಕೆಲಸಕ್ಕೆ ಸಿಕ್ಕಿದ್ದು ಅಡಿಕೆ. ಶಿರಸಿ ಕಡೆಯ ಮಕ್ಕಳಿಗೆ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಈ ಹೆಸರುಗಳು ಬಾಯಿಪಾಠ. ಪೇಪರಿನಲ್ಲಿ ದಿನಾ ಇವುಗಳ ಧಾರಣೆ ಬರುತ್ತದೆ, ಮನೆಯಲ್ಲಿ ಅದರದ್ದೇ ಮಾತು. ಏನೂ ಗೊತ್ತಿಲ್ಲದವರೂ ಅಡಿಕೆ ವಿಂಗಡಿಸುವ ಹಾಗೆ ಹೌದು, ಇಲ್ಲ ಎಂಬ ಪ್ರಶ್ನೆಗಳನ್ನು ಬರೆದು ತನ್ನಿ ಅಂದಿದ್ದೆ. ಹಸಿ ಇರುವಾಗಲೇ ಸುಲಿದು ಬೇಯಿಸಿದ್ದಾ? ಹೌದಾದರೆ ಕೆಂಪಡಿಕೆ ಕಡೆ ಹೋಗು. ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸಿ ಸುಲಿದದ್ದಾ? ಚಾಲಿ ಕಡೆ ಹೋಗು. ಇಲ್ಲಿವರೆಗೆ ಸಲೀಸು. ಚಾಲಿ ಯಾವುದು, ಬಿಳಿಗೋಟು ಯಾವುದು ಅಂತ ಬಂದಾಗ ಎಲ್ಲರೂ ತಡವರಿಸಿದರು. ಒಬ್ಬಳು ಮನೆಯಲ್ಲಿ ಅಜ್ಜನನ್ನು ಕೇಳಿದಳಂತೆ. "ಕೈಯಲ್ಲಿ ಹಿಡದ್ರೆ ಗೊತ್ತಾಗ್ತು ತಂಗೀ" ಅಂದರಂತೆ ಅಜ್ಜ. ಅದನ್ನು ನಿಯಮವಾಗಿ ಬರೆಯುವುದು ಹೇಗೆ?

ಇವತ್ತಿನ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳಿಕೊಡಲು ಎರಡು ದಾರಿ ಇವೆ. ಒಂದು, ನಿಯಮ ಬರೆದು ಕೊಡುವುದು. ಇನ್ನೊಂದು, ಪಳಗಿದ ಕೈ ವಿಂಗಡಿಸಿದ ರಾಶಿ ರಾಶಿ ಮಾದರಿ ತೋರಿಸಿ, ವ್ಯತ್ಯಾಸ ನೀನೇ ಹುಡುಕು ಅನ್ನುವುದು. ಎರಡನೆಯದರಲ್ಲಿ ಅಜ್ಜ ತಪ್ಪಿದರೆ ಯಂತ್ರವೂ ತಪ್ಪುತ್ತದೆ. ಒಂದೇ ತೋಟದ ಅಡಿಕೆ ತೋರಿಸಿದರೆ ಪಕ್ಕದ ಸೀಮೆಯ ಅಡಿಕೆ ಬಂದಾಗ ಎಡವುತ್ತದೆ. ಇದನ್ನು ಏಳನೆಯ ಮಕ್ಕಳು ಸ್ವಂತ ಮಾತಿನಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಕಂಪ್ಯೂಟರ್ ಮುಟ್ಟದೆ!

ಇನ್ನು ಮೊಬೈಲ್ ವಿಷಯ. ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆಯ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತದ್ದು ಎಲ್ಲರಿಗೂ ನೆನಪಿದೆ. ಆಮೇಲಿಂದ ಡಿಜಿಟಲ್ ಕಲಿಕೆ ಅಂದರೆ ವಿಡಿಯೋ ನೋಡುವುದು ಎಂಬ ಅರ್ಥ ಗಟ್ಟಿಯಾಗಿಬಿಟ್ಟಿದೆ. ಸ್ಮಾರ್ಟ್ ಕ್ಲಾಸ್ ಬಂದರೂ ಅಷ್ಟೇ, ಮಗು ಸುಮ್ನೆ ಕೂತು ನೋಡುತ್ತದೆ. ನೋಡುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನೋಡಿದ್ದನ್ನು ನಂಬಬೇಕೋ ಬೇಡವೋ ಅಂತ ಅಳೆಯುವುದನ್ನು ಕಲಿಸಬೇಕು.

ಅದಕ್ಕೆ ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ತಾನಾಗಿ ಒಂದು ಪಾಠ ತರುತ್ತದೆ. ಜೋರು ಮಳೆ ಹಿಡಿದ ರಾತ್ರಿ ವಾಟ್ಸಾಪ್‌ನಲ್ಲಿ "ನಾಳೆ ಶಾಲೆಗಳಿಗೆ ರಜೆ" ಎಂಬ ಆದೇಶದ ಫೋಟೋ ಓಡಾಡುತ್ತದೆ. ಕೆಲವು ಸಲ ಅದು ನಿಜ. ಕೆಲವು ಸಲ ಹೋದ ವರ್ಷದ್ದು, ಇಲ್ಲವೇ ಪಕ್ಕದ ಜಿಲ್ಲೆಯದ್ದು, ಇಲ್ಲವೇ ಯಾರೋ ತಾರೀಖು ತಿದ್ದಿದ್ದು. ಮಕ್ಕಳಿಗೆ ಇದರಷ್ಟು ಆಸಕ್ತಿಯ ಕಾಗದ ಬೇರೆ ಯಾವುದಿದೆ? ಅಂಥ ಎರಡು ಪ್ರಿಂಟ್ ತೆಗೆದು ಏಳನೆಯವರ ಮುಂದೆ ಇಟ್ಟೆ. ಒಂದು ಅಸಲಿ, ಒಂದು ಹಳೆಯದನ್ನು ತಿದ್ದಿದ್ದು. ಯಾವ ತಾಲೂಕುಗಳಿಗೆ ರಜೆ ಅಂತ ಬರೆದಿದೆ, ತಾರೀಖಿಗೂ ವಾರಕ್ಕೂ ತಾಳೆ ಆಗುತ್ತದಾ, ತಾರೀಖಿನ ಜಾಗದಲ್ಲಿ ಅಕ್ಷರದ ದಪ್ಪ ಬೇರೆ ಇದೆಯಾ, ಜಿಲ್ಲಾಡಳಿತದ ಅಧಿಕೃತ ಖಾತೆಯಲ್ಲಿ ಇದೇ ಸುದ್ದಿ ಇದೆಯಾ ಅಂತ ಒಂದೊಂದೇ ನೋಡಿದರು. ವಾರದ ಹೆಸರಿನಲ್ಲಿ ಸಿಕ್ಕಿಬಿತ್ತು. ತಾರೀಖು ತಿದ್ದಿದವರು ವಾರ ತಿದ್ದಲು ಮರೆತಿದ್ದರು. ಆ ಮಕ್ಕಳು ಮನೆಗೆ ಹೋಗಿ ಅಜ್ಜಿಯ ಫೋನಿಗೆ ಬರುವ ಲಾಟರಿ ಮೆಸೇಜನ್ನೂ ಹೀಗೇ ಬಿಚ್ಚಿ ನೋಡುತ್ತಾರೆ. ಓಟಿಪಿ ಯಾರಿಗೂ ಹೇಳಬಾರದು ಅಂತ ದೊಡ್ಡವರಿಗೆ ಹೇಳುವವರು ಎಷ್ಟೋ ಮನೆಗಳಲ್ಲಿ ಈಗ ಅವರೇ.

ಇದೆಲ್ಲ ಕೇಳಿದ ಮೇಲೆ ನನ್ನ ಜೊತೆಯ ಶಿಕ್ಷಕರು ಹೇಳುವುದು ಒಂದೇ ಮಾತು. "ನಮಗೇ ಕಂಪ್ಯೂಟರ್ ಬರೋದಿಲ್ಲ, ಮಕ್ಕಳಿಗೆ ಏನು ಕಲಿಸೋದು?" ಈ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಣತಿ, ಚುನಾವಣೆ, ಮೊಟ್ಟೆ ಲೆಕ್ಕ, ಆನ್‌ಲೈನ್ ನಮೂನೆ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಪಾಠ ಮಾಡುವವರು ಅವರು. ಆದರೆ ಪಕ್ಕದ ಕೇರಳವನ್ನು ನೋಡಿ. 2001ರಲ್ಲಿ ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. ಗಣಿತ, ವಿಜ್ಞಾನ, ಮಲಯಾಳಂ ಕಲಿಸುವ ಶಿಕ್ಷಕರಿಗೇ ತರಬೇತಿ ಕೊಟ್ಟರು. ಕಾಸು ಕೊಡಬೇಕಾಗಿಲ್ಲದ ಮುಕ್ತ ತಂತ್ರಾಂಶವನ್ನು ಶಾಲೆಗಳಿಗೆ ಹಾಕಿದರು. 2018ರಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ಬುಗಳೂ ಬಂದವು. ಹೊರಗಿನಿಂದ ಬರುವ ಕಂಪ್ಯೂಟರ್ ಟೀಚರ್ ಗುತ್ತಿಗೆ ಮುಗಿದ ಮೇಲೆ ಹೋಗುತ್ತಾರೆ. ಗಣಿತದ ಮಾಸ್ತರು ಉಳಿಯುತ್ತಾರೆ. ಅವರಿಗೆ ಬಂಗಡೆ ಲೆಕ್ಕವನ್ನು ಕ್ಯಾಲ್ಕ್‌ನಲ್ಲಿ ಹಾಕಲು ಒಂದು ಮಧ್ಯಾಹ್ನ ಹೇಳಿಕೊಟ್ಟರೆ ಮುಂದಿನ ಹತ್ತು ವರ್ಷದ ಮಕ್ಕಳಿಗೆ ಅದು ತಲುಪುತ್ತದೆ. ಕ್ಲಸ್ಟರ್ ಸಭೆಗಳಲ್ಲಿ ಸುತ್ತೋಲೆ ಓದುವ ಬದಲು ಅರ್ಧ ಗಂಟೆ ಇದಕ್ಕೆ ಕೊಡಿ ಅಂತ ಕೇಳುತ್ತಲೇ ಇದ್ದೇನೆ.

ಕನ್ನಡ ಟೈಪಿಂಗ್‌ನಿಂದ ಶುರು ಮಾಡಿದರೂ ಆದೀತು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ "ಹೊನ್ನಾವರ" ಬರೆಯಲು ಎಂಟು ಸಲ ಕೀಲಿ ಒತ್ತಬೇಕು. ಪರದೆಯ ಮೇಲೆ ಕಾಣುವುದು ನಾಲ್ಕೇ ಅಕ್ಷರ. ಉಳಿದದ್ದು ಎಲ್ಲಿ ಹೋಯಿತು ಅಂತ ನಾಲ್ಕನೇ ತರಗತಿಯವರನ್ನು ಕೇಳಿ. ಸ್ವರ ಚಿಹ್ನೆ, ಒತ್ತಕ್ಷರ ಎಲ್ಲವನ್ನೂ ಬಿಡಿಸಿ ಅವರೇ ಹೇಳುತ್ತಾರೆ. ವ್ಯಾಕರಣದ ಪಾಠ ಅಲ್ಲಿಗೆ ಮುಗಿಯಿತು.

ಈ ವರ್ಷ ಆರನೆಯವರ ಜೊತೆ ಉಬ್ಬರ ಇಳಿತದ ಲೆಕ್ಕಕ್ಕೆ ಕೈ ಹಾಕಿದ್ದೇವೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಮಕ್ಕಳಿಗೆ ಇದು ಮನೆ ಮಾತು. ಇಳಿತ ನೋಡಿಕೊಂಡೇ ಬಳಚು (ಚಿಪ್ಪುಮೀನು) ಹೆಕ್ಕಲು ಹೋಗುವುದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ 50 ನಿಮಿಷದಷ್ಟು ಹಿಂದೆ ಬೀಳುತ್ತದೆ. ಇವತ್ತಿನ ಹೊತ್ತು ಹಾಕಿದರೆ ಇಡೀ ವಾರದ್ದು ಬರುವ ಹಾಗೆ ಮಕ್ಕಳು ಸೂತ್ರ ಬರೆದರು. ಒಂದು ವಾರ ದಡದಲ್ಲಿ ನಿಂತು ತಾಳೆ ನೋಡಿದರು. ಹೆಚ್ಚು ಕಡಿಮೆ ಸರಿ ಬಂತು, ಒಂದು ಮನೆಯ ಲೆಕ್ಕ ಬಿಟ್ಟು. ಆ ಹುಡುಗನ ಮನೆ ಹೊಳೆಯ ಮೇಲ್ಗಡೆ, ಅಳಿವೆಯಿಂದ ದೂರ ಇದೆ. ಅವನ ದಕ್ಕೆಗೆ ನೀರು ಏರುವುದು ದಿನಾ ತಡ. ತಪ್ಪು ಬರೆದಿದ್ದೀಯಾ ಅಂತ ಉಳಿದವರು ಅವನನ್ನು ರೇಗಿಸಿದರು. ಅವನು ಬಿಡಲಿಲ್ಲ, ಮಾರನೇ ದಿನ ಅಪ್ಪನ ಗಡಿಯಾರ ಕಟ್ಟಿಕೊಂಡು ಹೋಗಿ ಮತ್ತೆ ಬರೆದು ತಂದ. ಅದೇ ಉತ್ತರ. ಸಮುದ್ರದ ನೀರು ಹೊಳೆಯೊಳಗೆ ಅಷ್ಟು ದೂರ ಏರಿ ಬರಲು ಹೊತ್ತು ಹಿಡಿಯುತ್ತದೆ ಅಂತ ಅವನೇ ಹೇಳಿದ. ಈಗ ಹಾಳೆಯಲ್ಲಿ ಇನ್ನೊಂದು ಕಾಲಮ್ ಸೇರಿಸಬೇಕು. ಪ್ರತಿ ಮನೆಯೂ ಅಳಿವೆಯಿಂದ ಎಷ್ಟು ದೂರ ಅಂತ ಅಳೆಯುವ ಕೆಲಸ ಸೋಮವಾರ ಶುರು.